ಕಾಡಿನಲ್ಲಿ ಕಣ್ಣು ಮುಚ್ಚಬೇಕೇ, ತೆರೆದಿರಬೇಕೇ?

ಪ್ರಶ್ನೆ: ನಾಲ್ಕು ವರ್ಷಗಳಿಂದ ಪ್ರತಿದಿನ ಬೆಳಿಗ್ಗೆ ಮನೆಯಲ್ಲಿ ಅರ್ಧ ಗಂಟೆ ಆನಾಪಾನಸತಿಯನ್ನು, ಎಂದರೆ ಉಸಿರನ್ನು ಗಮನಿಸುವ ಧ್ಯಾನವನ್ನು, ಅಭ್ಯಾಸ ಮಾಡುತ್ತಿದ್ದೇನೆ. ಕಳೆದ ವರ್ಷದಿಂದ ತಿಂಗಳಿಗೆ ಎರಡು ಬಾರಿ ಕಾಡಿಗೆ ಹೋಗಿ ನಿಧಾನವಾಗಿ ನಡೆಯುವ, ಮರಗಳ ನಡುವೆ ಸುಮ್ಮನೆ ಕುಳಿತುಕೊಳ್ಳುವ ರೂಢಿಯೂ ಬೆಳೆದಿದೆ. ಎರಡರಿಂದಲೂ ಹಿತವಿದೆ, ಆದರೆ ಎರಡನ್ನೂ ಸೇರಿಸಲು ಹೋದಾಗ ಗೊಂದಲವಾಗುತ್ತದೆ. ಧ್ಯಾನವು ಒಳಗೆ ನೋಡು ಎನ್ನುತ್ತದೆ, ಕಾಡು ಹೊರಗೆ ಕರೆಯುತ್ತದೆ. ಕಣ್ಣು ಮುಚ್ಚಿದರೆ ಎಲೆ ಅಲುಗಿದ ಸದ್ದಿಗೂ ಬೆಚ್ಚುತ್ತೇನೆ. ಕಣ್ಣು ತೆರೆದರೆ ಸೊಬಗಿಗೆ ಮೈಮರೆತು ಉಸಿರು ನೆನಪಿಗೇ ಬರುವುದಿಲ್ಲ. ಇವೆರಡನ್ನು ಹೇಗೆ ಸೇರಿಸಬೇಕು? ಸೇರಿಸಲೇಬೇಕೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರ ಉತ್ತರ ಚಿಕ್ಕದು: ಸೇರಿಸಲೇಬೇಕೆಂಬ ಕಡ್ಡಾಯವಿಲ್ಲ. ಬುದ್ಧನ ಉಪದೇಶಗಳನ್ನು ಒಳಗೊಂಡ ಪಾಲಿ ಭಾಷೆಯ ಸುತ್ತಗಳಲ್ಲಿ ಉಸಿರಿನ ಧ್ಯಾನದ ವಿವರಣೆ ಆರಂಭವಾಗುವಾಗ ಸಾಧಕನು ಹೋಗಿ ಕುಳಿತುಕೊಳ್ಳಬಹುದಾದ ಮೂರು ಜಾಗಗಳು ಹೇಳಲ್ಪಟ್ಟಿವೆ: ಅರಣ್ಯ, ಮರದ ಬುಡ, ಇಲ್ಲವೆ ಯಾರೂ ಇಲ್ಲದ ಮನೆ. ಬೆಳಗಿನ ಹೊತ್ತು ಸದ್ದಿಲ್ಲದ ನಿಮ್ಮ ಕೋಣೆಯು ಮೂರನೆಯದರ ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ನಾಲ್ಕು ವರ್ಷಗಳ ನಿಮ್ಮ ಅಭ್ಯಾಸದಲ್ಲಿ ಕೊರತೆಯೇನೂ ಉಳಿದಿಲ್ಲ. ಆದರೂ ಆ ಮೂರರಲ್ಲಿ ಅರಣ್ಯವೇ ಮೊದಲು ಬಂದಿರುವುದು ಕೇವಲ ಮಾತಿನ ಅಲಂಕಾರವೆಂದು ನನಗೆ ಅನ್ನಿಸುವುದಿಲ್ಲ. ಸಂಪ್ರದಾಯವು ಹೇಳುವಂತೆ ಬುದ್ಧನು ಹುಟ್ಟಿದ್ದು ಲುಂಬಿನಿಯ ವನದಲ್ಲಿ, ಬೋಧಿಯನ್ನು ಪಡೆದದ್ದು ಅರಳಿಮರದ ಕೆಳಗೆ, ಮೊದಲ ಉಪದೇಶ ನೀಡಿದ್ದು ಇಸಿಪತನದ ಜಿಂಕೆಗಳ ವನದಲ್ಲಿ, ಕೊನೆಯುಸಿರೆಳೆದದ್ದು ಕುಸಿನಾರೆಯ ಎರಡು ಸಾಲವೃಕ್ಷಗಳ ನಡುವೆ. ಮರಗಳ ಸಹವಾಸ ಈ ಸಾಧನೆಗೆ ಹೊರಗಿನಿಂದ ಬಂದ ಸೇರ್ಪಡೆಯಲ್ಲ.

ಹಾಗಿದ್ದರೆ ನಿಮಗೆ ಗೊಂದಲವೇಕೆ? ನೀವು ಕಾಡಿನಲ್ಲಿ ಮಾಡುತ್ತಿರುವುದು ಮತ್ತೊಂದು ಮೂಲದಿಂದ ಬಂದದ್ದು. ಕಾಡಿನಲ್ಲಿ ಇಂದ್ರಿಯಗಳನ್ನು ತೆರೆದು ನಿಧಾನವಾಗಿ ಸಮಯ ಕಳೆಯುವ ಇಂದಿನ ಪದ್ಧತಿಗೆ ಶಿನ್ರಿನ್-ಯೋಕು, ಎಂದರೆ ಅರಣ್ಯಸ್ನಾನ, ಎಂದು 1982ರಲ್ಲಿ ಹೆಸರಿಟ್ಟದ್ದು ಜಪಾನಿನ ಅರಣ್ಯ ಇಲಾಖೆ. ಅದರ ಉದ್ದೇಶ ಜನರ ಆರೋಗ್ಯ ಮತ್ತು ಕಾಡುಗಳ ಬಗೆಗಿನ ಒಲವು, ಬೌದ್ಧ ಸಾಧನೆಯ ಗುರಿಯಾದ ದುಃಖದ ನಿರೋಧವಲ್ಲ. ಮುಂದೆ ಅಲ್ಲಿಯ ಸಂಶೋಧಕರು ಇದನ್ನು ಅಳೆಯಲು ತೊಡಗಿದರು. 24 ಕಾಡುಗಳಲ್ಲಿ 280 ಮಂದಿಯನ್ನು ಕಾಡಿನಲ್ಲೂ ನಗರದಲ್ಲೂ ನಡೆಯಿಸಿ, ಕುಳ್ಳಿರಿಸಿ ಹೋಲಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಕಾಡಿನಲ್ಲಿದ್ದಾಗ ಅವರ ನಾಡಿಬಡಿತ, ರಕ್ತದೊತ್ತಡ ಮತ್ತು ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಮೂರೂ ಕಡಿಮೆಯಿದ್ದುದು ಕಂಡುಬಂದಿತು. ಇಂತಹ ಅಧ್ಯಯನಗಳನ್ನು ಸ್ವಲ್ಪ ಎಚ್ಚರದಿಂದಲೇ ಓದಬೇಕು: ಭಾಗವಹಿಸಿದವರು ಬಹುಪಾಲು ಯುವಕರು, ಅಳತೆಗಳು ಅಲ್ಪಕಾಲದವು, ಜೊತೆಗೆ ತಾನು ಕಾಡಿನಲ್ಲಿದ್ದೇನೆಂಬುದನ್ನು ಭಾಗವಹಿಸಿದವನಿಂದ ಮರೆಮಾಚಲು ಯಾವ ಸಂಶೋಧಕನಿಗೂ ಸಾಧ್ಯವಿಲ್ಲ. ಆದರೂ ಕಾಡಿನಿಂದ ಹಿತವಿದೆ ಎಂಬ ನಿಮ್ಮ ಅನುಭವಕ್ಕೆ ಇವು ವಿರುದ್ಧವಾಗಿಲ್ಲ.

ನಿಮ್ಮ ವಿಷಯಕ್ಕೆ ಇದಕ್ಕಿಂತ ಹತ್ತಿರದ್ದು ರೇಚಲ್ ಕ್ಯಾಪ್ಲನ್ ಮತ್ತು ಸ್ಟೀಫನ್ ಕ್ಯಾಪ್ಲನ್ ಎಂಬ ಮನೋವಿಜ್ಞಾನಿಗಳು 1980ರ ದಶಕದಲ್ಲಿ ರೂಪಿಸಿದ ವಿವರಣೆ. ಬೇಡದ್ದನ್ನು ತಡೆದು ಬೇಕಾದದ್ದರ ಮೇಲೆ ಮನಸ್ಸನ್ನು ಹಿಡಿದಿಡುವ ಶಕ್ತಿಯು ದಿನವಿಡೀ ದುಡಿದು ದಣಿಯುತ್ತದೆ. ಅಲುಗುವ ಎಲೆ, ಸರಿಯುವ ಮೋಡ, ಹರಿಯುವ ನೀರು ನಮ್ಮ ಗಮನವನ್ನು ಬಲವಂತವಿಲ್ಲದೆ ಸೆಳೆಯುವುದರಿಂದ ಆ ಶಕ್ತಿಗೆ ವಿಶ್ರಾಂತಿ ಸಿಗುತ್ತದೆ ಎಂಬುದು ಅವರ ವಾದದ ಸಾರ. ಇದನ್ನು ಒಪ್ಪಿದರೆ ನಿಮ್ಮ ಗೊಂದಲದ ಒಂದು ಗಂಟು ಸಡಿಲವಾಗುತ್ತದೆ. ಕಾಡನ್ನು ಹೊಕ್ಕ ಕೂಡಲೇ ಕಣ್ಣು ಮುಚ್ಚಿ ಉಸಿರನ್ನು ಹಿಡಿಯಲು ಹೊರಡುವವನು, ವಿಶ್ರಾಂತಿಗೆಂದು ಬಂದ ಅದೇ ದಣಿದ ಶಕ್ತಿಯನ್ನು ಮತ್ತೆ ನೊಗಕ್ಕೆ ಕಟ್ಟುತ್ತಿದ್ದಾನೆ. ಅದು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಆದ್ದರಿಂದ ನನ್ನ ಸಲಹೆಯೆಂದರೆ, ಎರಡನ್ನೂ ಒಂದೇ ನಿಮಿಷದಲ್ಲಿ ಬೆರೆಸಬೇಡಿ. ಒಂದರ ಹಿಂದೆ ಒಂದನ್ನು ಇಡಿ. ಮೊದಲು ಕಾಡು ತನ್ನ ಕೆಲಸವನ್ನು ಮಾಡಲಿ. ಅದರಿಂದ ಮನಸ್ಸಿಗೆ ಹಿತವಾದ ಮೇಲೆ ಧ್ಯಾನವು ಆ ಹಿತವನ್ನೇ ತನ್ನ ವಿಷಯವನ್ನಾಗಿ ತೆಗೆದುಕೊಳ್ಳಲಿ.

ಈ ಎರಡನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅರಣ್ಯಸ್ನಾನ ಮತ್ತು ಬೌದ್ಧ ಧ್ಯಾನ ಬೇರೆಯಾಗುವುದು ಇಲ್ಲಿಯೇ. ಸತಿಪಟ್ಠಾನ ಎಂದರೆ ಎಚ್ಚರವನ್ನು ನೆಲೆಗೊಳಿಸುವ ನಾಲ್ಕು ನೆಲೆಗಳು; ಅವುಗಳಲ್ಲಿ ಎರಡನೆಯದು ವೇದನೆ. ಕನ್ನಡದಲ್ಲಿ ಈ ಪದಕ್ಕೆ ನೋವು ಎಂಬ ಅರ್ಥ ಗಟ್ಟಿಯಾಗಿಬಿಟ್ಟಿದೆ, ಆದರೆ ಪಾಲಿಯಲ್ಲಿ ಅದು ಸುಖ, ದುಃಖ, ಎರಡೂ ಅಲ್ಲದ್ದು ಎಂಬ ಮೂರು ಬಗೆಯ ಅನುಭವಕ್ಕೂ ಸಲ್ಲುತ್ತದೆ. ಮರಗಳ ನಡುವಿನಿಂದ ಬಿಸಿಲಿನ ಕೋಲೊಂದು ಇಳಿದುಬಂದಾಗ ಎದೆಯಲ್ಲಿ ಏನೋ ಅರಳಿದಂತಾಗುತ್ತದೆ, ಅದು ಸುಖವೇದನೆ. ಅದರ ಹಿಂದೆಯೇ, ಎಷ್ಟೋ ಸಲ ಒಂದು ಉಸಿರಿನೊಳಗೇ, ಕೈಯು ಫೋನಿನ ಕಡೆಗೆ ಹೋಗುತ್ತದೆ, ಇಲ್ಲವೆ "ಇಲ್ಲೇ ಇದ್ದುಬಿಡಬಾರದೇ" ಎಂಬ ಯೋಚನೆ ಏಳುತ್ತದೆ, ಇಲ್ಲವೆ ಕಳೆದ ಸಲದ ಬೆಳಕು ಇದಕ್ಕಿಂತ ಚೆನ್ನಾಗಿತ್ತೆಂಬ ಹೋಲಿಕೆ ಶುರುವಾಗುತ್ತದೆ. ಸುಖದಿಂದ ತೃಷ್ಣೆ ಹುಟ್ಟುವುದನ್ನು ಕಣ್ಣಾರೆ ಕಾಣಲು ಇದಕ್ಕಿಂತ ನಿರಪಾಯವಾದ ಪ್ರಯೋಗಶಾಲೆ ಸಿಗಲಾರದು. ಅರಣ್ಯಸ್ನಾನಕ್ಕೆ ಆ ಸುಖವಿದ್ದರೆ ಸಾಕು. ಧ್ಯಾನವು ಅದನ್ನು ಸವಿಯಬೇಡ ಎನ್ನುವುದಿಲ್ಲ; ಸವಿ ಎಲ್ಲಿ ಮುಗಿಯಿತು, ಹಂಬಲ ಎಲ್ಲಿ ತೊಡಗಿತು ಎಂಬುದನ್ನು ತಿಳಿ ಎನ್ನುತ್ತದೆ.

ನೀವು "ಮೈಮರೆತು" ಎಂಬ ಪದವನ್ನು ಬಳಸಿದ್ದೀರಿ. ರೋಗವೂ ಮದ್ದೂ ಆ ಪದದೊಳಗೇ ಇವೆ. ಸತಿ ಎಂಬುದರ ಮೂಲಾರ್ಥ ಸ್ಮೃತಿ, ನೆನಪು. ಕಾಯಗತಾಸತಿ ಎಂದರೆ ಮೈಯನ್ನು ಮರೆಯದಿರುವುದು. ಹಾವು, ಮೊಸಳೆ, ಹಕ್ಕಿ, ನಾಯಿ, ನರಿ, ಕೋತಿ ಎಂಬ ಆರು ಪ್ರಾಣಿಗಳನ್ನು ಹಗ್ಗದಿಂದ ಒಂದಕ್ಕೊಂದು ಕಟ್ಟಿ ಬಿಟ್ಟರೆ ಒಂದೊಂದೂ ತನ್ನ ನೆಲೆಯ ಕಡೆಗೆ ಎಳೆಯುತ್ತದೆ, ಯಾವುದಕ್ಕೆ ಬಲ ಹೆಚ್ಚೋ ಉಳಿದವು ಅದರ ಹಿಂದೆ ಹೋಗುತ್ತವೆ ಎಂದು ಸುತ್ತಗಳ ಸಂಗ್ರಹಗಳಲ್ಲಿ ಒಂದಾದ ಸಂಯುತ್ತ ನಿಕಾಯದ ಒಂದು ಸುತ್ತದಲ್ಲಿದೆ. ಆರು ಪ್ರಾಣಿಗಳೆಂದರೆ ಮನಸ್ಸೂ ಸೇರಿದಂತೆ ಆರು ಇಂದ್ರಿಯಗಳು. ಅವುಗಳನ್ನು ಕಟ್ಟಿಹಾಕುವ ಕಂಬ ಯಾವುದೆಂದರೆ ಶರೀರದ ಮೇಲಿನ ಎಚ್ಚರ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ: ಪ್ರಾಣಿಗಳ ಕಣ್ಣನ್ನು ಯಾರೂ ಕಟ್ಟಿಲ್ಲ. ಅವು ನೋಡುತ್ತವೆ, ಕೇಳುತ್ತವೆ, ಎಳೆಯುತ್ತವೆ. ಕಂಬವೊಂದು ನಿಂತಿರುತ್ತದೆ, ಅಷ್ಟೆ. ಒಳಗೆ ನೋಡಬೇಕೋ ಹೊರಗೆ ನೋಡಬೇಕೋ ಎಂಬ ನಿಮ್ಮ ಪ್ರಶ್ನೆಗೆ ಇದೇ ಉತ್ತರ. ಹೊರಗೆ ನೋಡಿ, ಆದರೆ ಅಂಗಾಲು ನೆಲಕ್ಕೆ ತಾಗಿರುವುದು ಗೊತ್ತಿರಲಿ.

ಇನ್ನು ಕ್ರಮದ ವಿಷಯ. ಕಾಡನ್ನು ತಲುಪಿದ ಮೇಲೆ ಮೊದಲ ಇಪ್ಪತ್ತು ನಿಮಿಷ ಯಾವ ಧ್ಯಾನವನ್ನೂ ಮಾಡದೆ ನಡೆಯಿರಿ. ಫೋನನ್ನು ಮುಚ್ಚಿಡುವುದೊಂದೇ ನಿಯಮ. ಮಜ್ಝಿಮ ನಿಕಾಯದ ಚೂಳಸುಞ್ಞತ ಸುತ್ತದಲ್ಲಿ ಹೇಳಿರುವ ಸರಳವಾದ ಒಂದು ಗಮನಿಕೆಯನ್ನು ಮಾತ್ರ ಈ ಹೊತ್ತಿನಲ್ಲಿ ಮಾಡಬಹುದು: ಊರಿನ ಕಲ್ಪನೆ, ಜನರ ಕಲ್ಪನೆ ಈಗ ಇಲ್ಲಿಲ್ಲ; ಅವುಗಳಿಂದ ಬರುವ ಗಲಿಬಿಲಿಯೂ ಇಲ್ಲ; ಇರುವುದು ಅರಣ್ಯವೆಂಬ ಕಲ್ಪನೆಯೊಂದೇ. ಇಲ್ಲದ್ದನ್ನು ಇಲ್ಲವೆಂದು, ಉಳಿದದ್ದನ್ನು ಉಳಿದಿದೆಯೆಂದು ತಿಳಿಯುವುದು. ಆ ಸುತ್ತವು ಮುಂದೆ ಅರಣ್ಯದ ಕಲ್ಪನೆಯನ್ನೂ ಬಿಟ್ಟು ಬಹಳ ದೂರ ಸಾಗುತ್ತದೆ, ಆದರೆ ಈ ಮೊದಲ ಮೆಟ್ಟಿಲೊಂದೇ ನಮ್ಮಂಥವರಿಗೆ ಒಂದು ವರ್ಷದ ಅಭ್ಯಾಸ. ಕಚೇರಿಯನ್ನು ತಲೆಯಲ್ಲಿ ಹೊತ್ತುಕೊಂಡೇ ಬಂದಿದ್ದರೆ ಅದು ಕೂಡ ಈ ಹೊತ್ತಿನಲ್ಲಿಯೇ ಕಣ್ಣಿಗೆ ಬೀಳುತ್ತದೆ.

ನಂತರ ಇಪ್ಪತ್ತೈದು ಮೂವತ್ತು ಹೆಜ್ಜೆಗಳಷ್ಟು ಸಮವಾದ ಜಾಗವನ್ನು ಆರಿಸಿಕೊಂಡು ಅಲ್ಲಿಯೇ ಹಿಂದೆ ಮುಂದೆ ನಡೆಯಿರಿ. ಇದಕ್ಕೆ ಚಂಕಮಣ ಎಂದು ಹೆಸರು. ಥಾಯ್ಲೆಂಡಿನಲ್ಲಿ ಅಜಾನ್ ಮುನ್ (1870–1949) ಅವರಿಂದ ಬೆಳೆದುಬಂದ ಅರಣ್ಯ ಪರಂಪರೆಯ ಭಿಕ್ಷುಗಳ ಕುಟೀರಗಳ ಪಕ್ಕದಲ್ಲಿ ಇಂತಹ ದಾರಿಯೊಂದು ಇದ್ದೇ ಇರುತ್ತದೆ. ಹೊಸಬರು ಉದ್ದನೆಯ ಕಾಲುದಾರಿಯಲ್ಲಿ ಧ್ಯಾನ ಮಾಡಲು ಬಯಸುತ್ತಾರೆ. ನಾನದನ್ನು ಒಪ್ಪುವುದಿಲ್ಲ, ಏಕೆಂದರೆ ತಿರುವಿನಾಚೆ ಏನಿದೆಯೆಂಬ ಕುತೂಹಲವು ಸದಾ ಒಂದು ಹೆಜ್ಜೆ ಮುಂದಿರುತ್ತದೆ. ನೋಡಿದ್ದನ್ನೇ ನೋಡುತ್ತ ನಡೆಯುವಾಗ ನೋಡಲು ಉಳಿಯುವುದು ಹೆಜ್ಜೆ ಮಾತ್ರ. ಚಂಕಮಣದಲ್ಲಿ ದೊರೆತ ಏಕಾಗ್ರತೆಯು ಬಹಳ ಹೊತ್ತು ಉಳಿಯುತ್ತದೆ ಎಂದು ಅಂಗುತ್ತರ ನಿಕಾಯವು ಅದರ ಐದು ಪ್ರಯೋಜನಗಳಲ್ಲಿ ಒಂದಾಗಿ ಹೇಳುತ್ತದೆ. ಕಲ್ಲು ಬೇರುಗಳ ನೆಲದ ಮೇಲೆ ಗಮನವಿಟ್ಟು ನಡೆದವರಿಗೆ ಈ ಮಾತಿನ ನಿಜ ಬೇಗನೆ ತಿಳಿಯುತ್ತದೆ.

ಕುಳಿತುಕೊಳ್ಳುವುದು ಇದಾದ ಮೇಲೆ. ಮರದ ಬುಡದಲ್ಲಿ ವಾಸಿಸುವ ವ್ರತವನ್ನು ಕೈಗೊಂಡ ಭಿಕ್ಷುವು ಯಾವ ಮರಗಳನ್ನು ಬಿಡಬೇಕೆಂದು ಐದನೆಯ ಶತಮಾನದ ಬುದ್ಧಘೋಷರು ವಿಸುದ್ಧಿಮಗ್ಗವೆಂಬ ಸಾಧನೆಯ ಕೈಪಿಡಿಯಲ್ಲಿ ಪಟ್ಟಿ ಮಾಡಿದ್ದಾರೆ: ಹಣ್ಣಿನ ಮರ, ಅಂಟು ಸುರಿಸುವ ಮರ, ಬಾವಲಿಗಳಿರುವ ಮರ, ಪೊಟರೆಯಿರುವ ಮರ, ಗಡಿಯ ಮರ, ಪೂಜೆಗೊಳ್ಳುವ ಮರ ಮುಂತಾದವು. ಶಾಸ್ತ್ರಗ್ರಂಥಗಳಲ್ಲಿ ಇಷ್ಟು ವ್ಯವಹಾರಜ್ಞಾನ ಕಂಡಾಗ ನನಗೆ ಒಂದು ಬಗೆಯ ಸಂತೋಷವಾಗುತ್ತದೆ. ಹಣ್ಣಿರುವಲ್ಲಿಗೆ ಪ್ರಾಣಿಗಳೂ ಜನರೂ ಬರುತ್ತಾರೆ, ಪೊಟರೆಯಲ್ಲಿ ಏನಿದೆಯೋ ತಿಳಿಯದು. ಒಣಗಿದ ಕೊಂಬೆಗಳಿರುವ ಮರವನ್ನೂ ಬಿಡಿ ಎಂದು ನಾನು ಈ ಪಟ್ಟಿಗೆ ಸೇರಿಸುತ್ತೇನೆ. ಅದೇ ಗ್ರಂಥದಲ್ಲಿ ಮರದ ಬುಡದ ವಾಸದ ಒಂದು ಲಾಭವನ್ನೂ ಹೇಳಿದೆ: ಎಳೆಯ ಎಲೆಗಳು ಬದಲಾಗುತ್ತಲೇ ಇರುವುದನ್ನು ಕಾಣುವುದರಿಂದ ಅನಿತ್ಯದ ಅರಿವು ಮೂಡುತ್ತದೆ. ತಿಂಗಳಿಗೆ ಎರಡು ಬಾರಿ ಒಂದೇ ಮರದ ಬಳಿಗೆ ಹೋಗುವವರಿಗೆ ಈ ಲಾಭ ಖಂಡಿತ. ಪ್ರತಿ ಸಲವೂ ಹೊಸ ಜಾಗವನ್ನು ಹುಡುಕುವವರಿಗೆ ಅದು ದಕ್ಕುವುದಿಲ್ಲ.

ಕುಳಿತ ಮೇಲೆ ಕಣ್ಣುಗಳನ್ನು ಅರ್ಧ ತೆರೆದು, ನೋಟವನ್ನು ಎರಡು ಮೂರು ಮಾರು ದೂರದ ನೆಲದ ಮೇಲೆ ಸಡಿಲವಾಗಿ ಇಳಿಬಿಡಿ. ಉಸಿರಿಗೆ ಮೊದಲು ಕಿವಿಯಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಸದ್ದು ಹುಟ್ಟಿದ್ದೂ ಅಡಗಿದ್ದೂ ಎರಡೂ ಸ್ಪಷ್ಟವಾಗಿ ತಿಳಿಯುತ್ತವೆ, ಅದನ್ನು ಹಿಡಿದಿಡಲು ಬರುವುದಿಲ್ಲ. ಕಂಡದ್ದರಲ್ಲಿ ಕಂಡಷ್ಟೇ ಇರಲಿ, ಕೇಳಿದ್ದರಲ್ಲಿ ಕೇಳಿದಷ್ಟೇ ಇರಲಿ ಎಂದು ಬುದ್ಧನು ಬಾಹಿಯನೆಂಬುವನಿಗೆ ನೀಡಿದ ಉಪದೇಶವನ್ನು ಪ್ರಯತ್ನಿಸಿ ನೋಡಲು ಕಾಡಿನ ಸದ್ದುಗಳಿಗಿಂತ ಅನುಕೂಲವಾದದ್ದಿಲ್ಲ. ನಿಮಗೆ ಹಕ್ಕಿಗಳ ಪರಿಚಯವಿದ್ದರೆ ಇದು ತುಸು ಕಷ್ಟವಾಗುತ್ತದೆ: ಕೂಗು ಕೇಳಿದೊಡನೆ ಹೆಸರು ಬರುತ್ತದೆ, ಹೆಸರು ಬಂದೊಡನೆ ಕೇಳುವುದು ನಿಲ್ಲುತ್ತದೆ. ಹೆಸರು ಬಂದರೆ ಬರಲಿ, ಅದು ಬಂದದ್ದನ್ನೂ ತಿಳಿದು ಮತ್ತೆ ಸದ್ದಿಗೆ ಹಿಂತಿರುಗಿ. ನನ್ನ ಅಭ್ಯಾಸದ ಆರಂಭದ ವರ್ಷಗಳಲ್ಲಿ ಮೂರು ದಿನಗಳ ಒಂದು ಏಕಾಂತವಾಸವನ್ನು ಮರಕುಟಿಗವೊಂದರ ಮೇಲಿನ ಸಿಟ್ಟಿನಲ್ಲಿಯೇ ಕಳೆದಿದ್ದೆ. ಅದು ತನ್ನ ಪಾಡಿಗೆ ಮರ ಕುಟ್ಟುತ್ತಿತ್ತು. ಶಾಂತಿಯನ್ನು ಕೊಡುವುದು ಕಾಡಿನ ಕರ್ತವ್ಯವೆಂದು ತಿಳಿದುಕೊಂಡಿದ್ದವನು ನಾನು. ಹತ್ತು ನಿಮಿಷ ಹೀಗೆ ಕೇಳಿದ ಮೇಲೆ ಉಸಿರು ತಾನಾಗಿಯೇ ಮುಂದೆ ಬರುತ್ತದೆ, ಆಗ ಮನೆಯಲ್ಲಿ ಮಾಡುವಂತೆಯೇ ಮುಂದುವರಿಸಿ.

ಈಗ ನಿಮ್ಮ ಬೆಚ್ಚಿಬೀಳುವಿಕೆಯ ವಿಷಯಕ್ಕೆ ಬರುತ್ತೇನೆ, ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಅದೇ. ಕಾಡಿನಲ್ಲಿ ಕಣ್ಣು ಮುಚ್ಚಿ ಕುಳಿತವನಿಗೆ ಹೆದರಿಕೆಯಾಗುವುದು ದೌರ್ಬಲ್ಯವೆಂದು ಭಾವಿಸಬೇಡಿ. ಬೋಧಿಗೆ ಮೊದಲು ತನಗೂ ಹಾಗಾಗಿತ್ತೆಂದು ಬುದ್ಧನೇ ಭಯಭೇರವ ಸುತ್ತದಲ್ಲಿ ಹೇಳಿಕೊಂಡಿದ್ದಾನೆ. ಜನರು ಹೆದರುವಂತಹ ವನಗಳಲ್ಲಿ ರಾತ್ರಿಗಳನ್ನು ಕಳೆಯುವಾಗ ಪ್ರಾಣಿಯೊಂದು ಹತ್ತಿರ ಸುಳಿಯುತ್ತಿತ್ತು, ನವಿಲು ಕಡ್ಡಿ ಮುರಿಯುತ್ತಿತ್ತು, ಗಾಳಿ ಒಣಗಿದ ಎಲೆಗಳನ್ನು ಸರಬರ ಎನ್ನಿಸುತ್ತಿತ್ತು, ಬರುತ್ತಿರುವುದು ಆ ಭಯವೇ ಇರಬೇಕೆಂದು ಅನ್ನಿಸುತ್ತಿತ್ತು. ಆಗ ಆತ ಮಾಡಿದ್ದಿಷ್ಟು: ನಡೆಯುತ್ತಿರುವಾಗ ಭಯ ಬಂದರೆ ಅದು ಅಡಗುವವರೆಗೆ ನಿಲ್ಲಲಿಲ್ಲ, ಕುಳಿತುಕೊಳ್ಳಲಿಲ್ಲ, ಕುಳಿತಿರುವಾಗ ಬಂದರೆ ಏಳಲಿಲ್ಲ. ಭಯದಿಂದ ಓಡಲಿಲ್ಲ.

ಇದನ್ನು ಓದಿ ನೀವೂ ಹಾಗೆಯೇ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಉಪಾಲಿಯೆಂಬ ಭಿಕ್ಷುವು ದೂರದ ಕಾಡಿನಲ್ಲಿ ಒಂಟಿಯಾಗಿ ಇರುತ್ತೇನೆಂದು ಅಪ್ಪಣೆ ಬೇಡಿದಾಗ ಬುದ್ಧನು ಒಂದು ಹೋಲಿಕೆಯನ್ನು ಹೇಳಿದನು: ಆನೆಯು ಕೊಳಕ್ಕಿಳಿದು ಆಡುವುದನ್ನು ಕಂಡು ಮೊಲವೋ ಬೆಕ್ಕೋ ತಾನೂ ಹಾಗೆಯೇ ಧುಮುಕಿದರೆ ಮುಳುಗೀತು ಅಥವಾ ತೇಲೀತು, ಏಕೆಂದರೆ ಆನೆಗೆ ಕಾಲೂರಲು ಆಳದಲ್ಲಿ ನೆಲ ಸಿಗುತ್ತದೆ, ಮೊಲಕ್ಕೆ ಸಿಗುವುದಿಲ್ಲ. ಆತನಿಗೆ ಸಂಘದಲ್ಲಿಯೇ ಇರಲು ಹೇಳಲಾಯಿತು. ಕಾಡಿನ ಏಕಾಂತವನ್ನು ಅಷ್ಟೊಂದು ಹೊಗಳುವ ಪರಂಪರೆಯೊಳಗೇ ಈ ಮಾತು ಇರುವುದನ್ನು ಮರೆಯಬಾರದು.

ನಿಮ್ಮ ಮಟ್ಟಿಗೆ ಎರಡನ್ನು ಬೇರ್ಪಡಿಸಿ ನೋಡಿ. ಸದ್ದಿಗೆ ಮೈ ಜುಮ್ಮೆನ್ನುವುದು ಶರೀರದ ಸಹಜ ಪ್ರತಿಕ್ರಿಯೆ. ಅದನ್ನು ನಿಲ್ಲಿಸಬೇಕಾಗಿಲ್ಲ, ನಿಲ್ಲಿಸಲು ಬರುವುದೂ ಇಲ್ಲ. ಅದರ ನಂತರ "ಏನಿರಬಹುದು, ಹಾವಿರಬಹುದೇ, ಯಾರಾದರೂ ಬಂದರೇ" ಎಂದು ಮನಸ್ಸು ಹೆಣೆಯುವ ಕಥೆ ಬೇರೆ. ಬೆಚ್ಚಿದಾಗ ಕಣ್ಣು ತೆರೆದು ಸದ್ದು ಬಂದ ಕಡೆಗೆ ನಿಧಾನವಾಗಿ ಒಮ್ಮೆ ನೋಡಿ. ಅಪಾಯವಿದ್ದರೆ ಎದ್ದು ದೂರ ಹೋಗಿ, ಅದರಲ್ಲಿ ಸಾಧನೆಗೆ ಭಂಗವೇನೂ ಇಲ್ಲ. ಕಾಡಾನೆ, ಹಾವು, ಕೊರಕಲು, ಮುಳ್ಳುಗಳನ್ನು ವಿವೇಕದಿಂದ ತಪ್ಪಿಸಿಕೊಂಡು ನಡೆಯಬೇಕೆಂದು ಸಬ್ಬಾಸವ ಸುತ್ತವು ಸಾಧನೆಯ ಭಾಗವಾಗಿಯೇ ಹೇಳಿದೆ. ಅಪಾಯವಿಲ್ಲದಿದ್ದರೆ ಎದೆಬಡಿತ ಇಳಿಯುವುದನ್ನು ಕೊನೆಯವರೆಗೂ ಗಮನಿಸಿ. ಏರುವ ಭಯವನ್ನು ನಾವೆಲ್ಲರೂ ಬಲ್ಲೆವು. ಅದು ಇಳಿದು ಮುಗಿಯುವುದನ್ನು ಕಂಡವರು ಕಡಿಮೆ.

ಕುಳಿತುಕೊಳ್ಳುವ ಮೊದಲು ಐದು ನಿಮಿಷ ಮೆತ್ತಾ ಭಾವನೆಯನ್ನು, ಎಂದರೆ ಎಲ್ಲ ಜೀವಿಗಳ ಬಗೆಗೆ ಮೈತ್ರಿಯನ್ನು ಬೆಳೆಸುವ ಧ್ಯಾನವನ್ನು, ಮಾಡುವುದೂ ಉಪಯುಕ್ತ. ಕಾಡಿಗೆ ಹೋದ ಭಿಕ್ಷುಗಳು ಅಲ್ಲಿಯ ವೃಕ್ಷದೇವತೆಗಳ ಕಾಟಕ್ಕೆ ಹೆದರಿ ಹಿಂತಿರುಗಿದಾಗ ಬುದ್ಧನು ಅವರಿಗೆ ಮೆತ್ತ ಸುತ್ತವನ್ನು ಕಲಿಸಿ ಅದೇ ಕಾಡಿಗೆ ಮರಳಿ ಕಳುಹಿಸಿದನೆಂದು ಅಟ್ಠಕಥೆಯು, ಎಂದರೆ ಸುತ್ತಗಳ ಪ್ರಾಚೀನ ವ್ಯಾಖ್ಯಾನವು, ಹೇಳುತ್ತದೆ. ದೇವತೆಗಳ ವಿಷಯದಲ್ಲಿ ನಿಮ್ಮ ನಂಬಿಕೆ ಏನೇ ಇರಲಿ, ತಾನು ಇತರರ ಮನೆಗೆ ಬಂದ ಅತಿಥಿ ಎಂಬ ಭಾವದಿಂದ ಕುಳಿತವನ ಮೈಯು ಕಾವಲುಗಾರನಂತೆ ಕುಳಿತವನ ಮೈಯಷ್ಟು ಬಿಗಿದುಕೊಂಡಿರುವುದಿಲ್ಲ. ಆದರೆ ಹಿಂದಿನ ಯಾವುದೋ ಆಘಾತದಿಂದ ಈ ಭಯ ಬರುತ್ತಿದ್ದರೆ, ಅಥವಾ ಮನೆಗೆ ಮರಳಿದ ಮೇಲೂ ನಿದ್ರೆಯನ್ನು ಕೆಡಿಸುತ್ತಿದ್ದರೆ, ಕಾಡಿನ ಧ್ಯಾನವನ್ನು ನಿಲ್ಲಿಸಿ ಮನೋವೈದ್ಯರನ್ನು ಕಾಣಿರಿ.

ಹಿತವಲ್ಲದ ಇನ್ನುಳಿದವುಗಳಿಗೆ, ಎಂದರೆ ಸೊಳ್ಳೆ, ಸೆಕೆ, ಒದ್ದೆ ನೆಲ, ಬೇಸರ, ಇವುಗಳಿಗೆ ಹೆಚ್ಚಿನ ಮಾತು ಬೇಡ. ಶುಚಿಯಾದದ್ದನ್ನೂ ಅಶುಚಿಯಾದದ್ದನ್ನೂ ತನ್ನ ಮೇಲೆ ಹಾಕಿದರೂ ಹೇಸದ ನೆಲದಂತೆ ಮನಸ್ಸನ್ನು ಬೆಳೆಸು ಎಂದು ಬುದ್ಧನು ತನ್ನ ಮಗ ರಾಹುಲನಿಗೆ ಹೇಳಿದ ಮಾತನ್ನು ಆ ನೆಲದ ಮೇಲೆಯೇ ಕುಳಿತು ನೆನೆಯಬಹುದು. ಅದರ ಜೊತೆಗೆ ಉದ್ದ ತೋಳಿನ ಅಂಗಿಯನ್ನೂ ತೊಡಬಹುದು. ತೂಕಡಿಕೆ ಬಂದರೆ ಎದ್ದು ನಡೆಯಿರಿ.

ಎಷ್ಟು ಹೊತ್ತು, ಎಷ್ಟು ಸಲ ಎಂಬುದಕ್ಕೆ ಸಂಖ್ಯೆಗಳನ್ನು ಹುಡುಕುವವರಿದ್ದಾರೆ. ಇಂಗ್ಲೆಂಡಿನ ಸುಮಾರು 20,000 ಮಂದಿಯ ಮಾಹಿತಿಯನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವು, ವಾರಕ್ಕೆ 120 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನಿಸರ್ಗದಲ್ಲಿ ಕಳೆಯುವವರು ತಮ್ಮ ಆರೋಗ್ಯ ಚೆನ್ನಾಗಿದೆಯೆಂದು ಹೇಳುವ ಸಾಧ್ಯತೆ ಹೆಚ್ಚೆಂದು ತೋರಿಸಿತು. ಆರೋಗ್ಯವಂತರೇ ಹೆಚ್ಚು ಹೊರಗೆ ಹೋಗುತ್ತಾರೆಂಬ ಸಾಧ್ಯತೆಯನ್ನು ಅದು ಪೂರ್ತಿಯಾಗಿ ತಳ್ಳಿಹಾಕುವುದಿಲ್ಲ. ಧ್ಯಾನದ ಲೆಕ್ಕಕ್ಕೆ ನಾನು ವನಪತ್ಥ ಸುತ್ತದ ಅಳತೆಗೋಲನ್ನೇ ಬಳಸುತ್ತೇನೆ. ಒಂದು ವನದಲ್ಲಿ ವಾಸಿಸುವಾಗ ನೆಲೆಗೊಳ್ಳದಿದ್ದ ಸತಿಯು ನೆಲೆಗೊಳ್ಳುತ್ತಿದ್ದರೆ, ಅಲ್ಲಿ ಬೇಕಾದ ವಸ್ತುಗಳು ಸುಲಭವಾಗಿ ಸಿಗದಿದ್ದರೂ ಭಿಕ್ಷುವು ಅಲ್ಲಿಯೇ ಇರಬೇಕು. ಸತಿಯು ನೆಲೆಗೊಳ್ಳದಿದ್ದರೆ, ಎಲ್ಲವೂ ಸುಲಭವಾಗಿ ಸಿಗುತ್ತಿದ್ದರೂ ಅಲ್ಲಿಂದ ಹೊರಡಬೇಕು. ಕಾಡು ಎಷ್ಟು ಸುಂದರವಾಗಿದೆ ಎಂಬ ಪ್ರಶ್ನೆ ಅಲ್ಲಿ ಬರುವುದೇ ಇಲ್ಲ. ನಿಮಗೂ ಇದೇ ಪರೀಕ್ಷೆ: ಕಾಡಿನಿಂದ ಮರಳಿದ ಮಾರನೆಯ ಬೆಳಿಗ್ಗೆ ನಿಮ್ಮ ಕೋಣೆಯ ಅರ್ಧ ಗಂಟೆ ಹೇಗಿರುತ್ತದೆ? ಮನಸ್ಸು ಬೇಗ ನೆಲೆಗೊಂಡರೆ ಎರಡೂ ಸರಿಯಾಗಿ ಸೇರುತ್ತಿವೆ. ಕೋಣೆ ನೀರಸವೆನಿಸಿ ಮುಂದಿನ ಕಾಡಿನ ದಿನವನ್ನು ಎಣಿಸುತ್ತ ಕುಳಿತಿದ್ದರೆ, ಕಾಡು ನಿಮ್ಮ ತೃಷ್ಣೆಯ ಹೊಸ ವಿಳಾಸವಾಗಿದೆ ಎಂದರ್ಥ.

ಕಾಡಿಗೆ ನಾವು ಸಲ್ಲಿಸಬೇಕಾದದ್ದೂ ಇದೆ. ಗಿಡಮರಗಳಿಗೆ ಹಾನಿ ಮಾಡುವುದು ಭಿಕ್ಷುಗಳಿಗೆ ವಿನಯದ, ಎಂದರೆ ಸಂಘದ ನಿಯಮಾವಳಿಯ, ಪ್ರಕಾರ ತಪ್ಪು. ಎಳೆಯ ಹುಲ್ಲನ್ನೂ ಸಣ್ಣ ಜೀವಿಗಳನ್ನೂ ತುಳಿಯಬಾರದೆಂಬುದು ಮಳೆಗಾಲದಲ್ಲಿ ಸಂಚರಿಸದೆ ಒಂದೇ ಕಡೆ ನಿಲ್ಲುವ ವರ್ಷಾವಾಸದ ನಿಯಮದ ಹಿಂದಿನ ಒಂದು ಕಾರಣ. 1980ರ ದಶಕದ ಕೊನೆಯಿಂದ ಥಾಯ್ಲೆಂಡಿನ ಕೆಲವು ಭಿಕ್ಷುಗಳು ಕಡಿಯಲು ಗುರುತಿಸಿದ್ದ ಕಾಡುಗಳಲ್ಲಿ ಮರಗಳಿಗೆ ಕಾವಿಯನ್ನು ಸುತ್ತಿ ಅವುಗಳನ್ನು ಉಳಿಸಲು ಯತ್ನಿಸಿದರು. ನಮ್ಮಿಂದ ಅಷ್ಟು ಆಗದಿದ್ದರೂ ಅನುಮತಿಯಿರುವ ದಾರಿಯನ್ನು ಬಿಡದಿರುವುದು, ಕೂರಲೆಂದು ಕೊಂಬೆ ಮುರಿಯದಿರುವುದು, ಧೂಪ ದೀಪಗಳ ಬೆಂಕಿಯನ್ನು ಒಯ್ಯದಿರುವುದು ಆದೀತು. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬುದನ್ನು ಮನೆಯವರಿಗೆ ತಿಳಿಸಿ ಹೊರಡಿ. ಕತ್ತಲಾಗುವ ಮುಂಚೆ ಹಿಂತಿರುಗಿ.

ಮುಂದಿನ ನಾಲ್ಕು ಸಲ ಕಾಡಿನಲ್ಲಿ ಕಣ್ಣನ್ನು ಪೂರ್ತಿಯಾಗಿ ಮುಚ್ಚಲೇಬೇಡಿ. ಐದನೆಯ ಸಲ, ಅದೇ ಮರದ ಬುಡದಲ್ಲಿ, ಮೆತ್ತಾ ಭಾವನೆಯ ನಂತರ ಕೊನೆಯ ಐದು ನಿಮಿಷ ಮಾತ್ರ ಮುಚ್ಚಿ ನೋಡಿ. ಆಗಲೂ ಪ್ರತಿ ಸದ್ದಿಗೂ ಮೈ ಬಿಗಿಯುತ್ತಿದ್ದರೆ ಮತ್ತೆ ತೆರೆದುಕೊಂಡು ಇನ್ನೂ ನಾಲ್ಕು ಸಲ ಹಾಗೆಯೇ ಮುಂದುವರಿಸಿ. ಮನೆಯ ಅರ್ಧ ಗಂಟೆಯಲ್ಲಿ ಯಾವ ಬದಲಾವಣೆಯನ್ನೂ ಮಾಡಬೇಡಿ.